ಗೋಧಿಯ ದೇವರು, ಅಕ್ಕಿಯ ಸುಳ್ಳು

ನಾಸ್ತಿಕರಲ್ಲಿ ಎರಡು ಬಗೆ. ಕೂತು ಯೋಚಿಸಿ, ನಿದ್ದೆಗೆಟ್ಟು, ಕೊನೆಗೆ ದೇವರಿಲ್ಲ ಎಂಬ ತೀರ್ಮಾನಕ್ಕೆ ಬಂದವರು ಒಂದು ಬಗೆ. ಅಂಥವರು ಇದ್ದಾರೆಂದು ಕೇಳಿದ್ದೇನೆ. ಠಾಣೆಯ ಮಾಜಿವಾಡಾದಿಂದ ರಬಾಳೆಗೆ ಹೋಗುವ ನಮ್ಮ ಕಂಪನಿ ಬಸ್ಸಿನಲ್ಲಿ ಮಾತ್ರ ಒಬ್ಬರನ್ನೂ ಕಾಣಲಿಲ್ಲ. ಅಲ್ಲಿ ನನಗೆ ಸಿಕ್ಕಿದ್ದು ಎರಡನೆಯ ಬಗೆ: ಅಪ್ಪನ ಫ್ಲ್ಯಾಟಿನ ಜೊತೆ ಅಪ್ಪನ ಅವಿಶ್ವಾಸವನ್ನೂ ಪಿತ್ರಾರ್ಜಿತವಾಗಿ ಪಡೆದವರು.

ಪಕ್ಕದ ಸೀಟಿನ ನನ್ನ ಸಹೋದ್ಯೋಗಿ ಧಾರವಾಡದ ಕಡೆಯವರು. ತಂದೆ ಪ್ರೊಫೆಸರ್, ಅಜ್ಜ ಹೆಡ್‌ಮಾಸ್ತರ್. ಪಿಎಚ್.ಡಿ. ಇದ್ದುದರಿಂದ ಲ್ಯಾಬಿನಲ್ಲಿ ಎಲ್ಲರೂ ಅವರನ್ನು ಡಾಕ್ಟ್ರು ಎನ್ನುತ್ತಿದ್ದೆವು. ಆಹಾರ ಪದಾರ್ಥಗಳನ್ನು ಪರೀಕ್ಷಿಸುವ ಲ್ಯಾಬು ನಮ್ಮದು. ಬಿಸ್ಕತ್ತು, ಹಿಟ್ಟು, ಮಕ್ಕಳ ಪುಡಿ ಇವುಗಳಲ್ಲಿ ಇರಬಾರದ್ದೇನಾದರೂ ಇದೆಯೇ ಎಂದು ನೋಡುವುದು ಕೆಲಸ. ಉಳಿದವರೆಲ್ಲ ಮರಾಠಿಗರು, ಕನ್ನಡದವರು ನಾವಿಬ್ಬರೇ. ಹಾಗಾಗಿ ಅವರ ಬಾಯಿಗೆ ನನ್ನ ಕಿವಿಯೇ ಗತಿ.

ನಾನು ಪಿತ್ರಾರ್ಜಿತವಾಗಿ ಏನನ್ನೂ ಪಡೆದವಳಲ್ಲ. ಅಪ್ಪ ಉಡುಪಿ ಕಡೆಯಿಂದ ಬಂದು ಕಲ್ಯಾಣದ ಒಂದು ಕ್ಯಾಂಟೀನಿನಲ್ಲಿ ಅಡುಗೆ ಮಾಡಿದವರು, ಅಮ್ಮ ಆಸ್ಪತ್ರೆಯಲ್ಲಿ ಆಯಾ. ಇಬ್ಬರಿಗೂ ಸಹಿ ಹಾಕಲು ಬರುತ್ತಿತ್ತು, ಅಷ್ಟೆ. ಡೊಂಬಿವಲಿಯ ಕನ್ನಡ ಶಾಲೆಯಲ್ಲಿ ಕಲಿತು, ಕಾಲೇಜಿನ ಇಂಗ್ಲಿಷಿನ ಮುಂದೆ ಮೂಕಿಯಾಗಿ ಕೂತು, ಬೆಳಿಗ್ಗೆ ಕ್ಲಾಸು, ಸಂಜೆ ಔಷಧದ ಅಂಗಡಿಯ ಕೌಂಟರು ಎಂದು ಓಡಾಡಿ ಬಿ.ಎಸ್ಸಿ. ಮುಗಿಸಿದೆ. ಅಪ್ಪನ ಕಡೆ, ಅಮ್ಮನ ಕಡೆ, ಎರಡೂ ಕಡೆಗೆ ಅದು ಮೊದಲ ಡಿಗ್ರಿ. ನಾವು ಕ್ಯಾಥೊಲಿಕರು. ದೇವರ ಮೇಲಿನ ವಿಶ್ವಾಸವಾದರೂ ಅಮ್ಮನಿಂದ ಬಂದದ್ದಲ್ಲವೇ ಎಂದು ಕೇಳಬಹುದು. ಬಂದದ್ದು ಹೌದು. ಆದರೆ ಬಂದದ್ದನ್ನು ಮಡಿಸಿದ ಹಾಗೇ ಕಪಾಟಿನಲ್ಲಿಟ್ಟವಳಲ್ಲ ನಾನು. ಬಿಚ್ಚಿ ನೋಡಿದ್ದೇನೆ, ಹೊಲಿಗೆ ಎಳೆದು ನೋಡಿದ್ದೇನೆ. ಡಾಕ್ಟ್ರು ತಮ್ಮದನ್ನು ಒಮ್ಮೆಯೂ ಬಿಚ್ಚಿರಲಿಲ್ಲ.

"ಮೇಡಂ, ನೀವು ಕೆಮಿಸ್ಟ್ರಿ ಗ್ರಾಜುಯೇಟು. ಒಂದು ರೊಟ್ಟಿ ಚೂರು ದೇವರಾಗ್ತದ ಅಂತ ನಂಬ್ತೀರಿ. ಡಿಗ್ರಿ ಮ್ಯಾಲ ನಾಚಿಕಿ ಬರಂಗಿಲ್ಲೇನ್ರಿ?" ಎಂದು ಅವರು ಮೊದಲು ಕೆಣಕಿದ್ದು ಕಳ್ವಾ ನಾಕಾದ ಸಿಗ್ನಲಿನಲ್ಲಿ.

"ಡಿಗ್ರಿ ನಾನು ಕಣ್ಣು ಕೆಡಿಸಿಕೊಂಡು ತಗೊಂಡದ್ದು ಡಾಕ್ಟ್ರೇ. ಅದರ ಮೇಲೆ ನಾಚಿಕೆ ಪಡ್ಲಿಕ್ಕೆ ನನಗೆ ಪುರುಸೊತ್ತಿಲ್ಲ."

"ಮತ್ತ ದೇವರನ್ನ ತಿಂತೀರಲ್ರೀ! ನರಭಕ್ಷಕರು ಬ್ಯಾರೆ ಏನ್ ಮಾಡ್ತಾರ?"

"ನಾವು ವಾರಕ್ಕೊಮ್ಮೆ. ನೀವು ದಿನಾ ನನ್ನ ತಲೆ ತಿಂತೀರಲ್ಲ, ಅದಕ್ಕೆ ಎಂಥ ಹೇಳುವುದು?"

ಹಿಂದಿನ ಸೀಟಿನವರು ಭಾಷೆ ತಿಳಿಯದಿದ್ದರೂ ನಕ್ಕರು. ಡಾಕ್ಟ್ರ ಹತ್ತಿರ ಸರಕು ಹೆಚ್ಚಿರಲಿಲ್ಲ. ಧರ್ಮಯುದ್ಧಗಳು, ದೂರದರ್ಶಕ ಹಿಡಿದ ವಿಜ್ಞಾನಿಗೆ ನಮ್ಮ ಇಗರ್ಜಿ, ಅಂದರೆ ಚರ್ಚು, ಕೊಟ್ಟ ಕಾಟ, ಮಕ್ಕಳ ಮೇಲೆ ಕೈಮಾಡಿದ ಪಾದ್ರಿಗಳು. ಮಾಜಿವಾಡಾದಲ್ಲಿ ಶುರುವಾದದ್ದು ಐರೋಲಿ ಬರುವಷ್ಟರಲ್ಲಿ ಖಾಲಿ, ಮರುದಿನ ಮತ್ತೆ ಅದೇ ಮೂಟೆ. ಪಾದ್ರಿಗಳ ವಿಷಯಕ್ಕೆ ನಾನು, "ಅಂಥವರನ್ನು ಜೈಲಿಗೆ ಹಾಕಬೇಕು. ಮುಚ್ಚಿಟ್ಟ ಬಿಷಪ್ಪರನ್ನೂ ಹಾಕಬೇಕು" ಎಂದಾಗ ಅವರ ಮುಖ ಸಪ್ಪಗಾಯಿತು. ನಾನು ಆ ಪಾದ್ರಿಗಳನ್ನು ಸಮರ್ಥಿಸುತ್ತೇನೆ, ತಾವು ಗೆಲ್ಲುತ್ತೇವೆ ಎಂದುಕೊಂಡು ಬಂದಿದ್ದರು ಪಾಪ. ಮಕ್ಕಳ ನೋವು ಅವರಿಗೆ ಚೆಸ್ ಆಟದ ಒಂದು ಕಾಯಿ. ಅದು ಕೈಗೆ ಹತ್ತದಿದ್ದರೆ ಕೆಳಗಿಟ್ಟು ಮುಂದಿನ ಕಾಯಿ ಎತ್ತುತ್ತಾರೆ.

ಇಷ್ಟೇ ಆಗಿದ್ದರೆ ನಾನು ಬರೆಯುವ ಕಷ್ಟ ತೆಗೆದುಕೊಳ್ಳುತ್ತಿರಲಿಲ್ಲ. ಬಸ್ಸಿನ ವಾದ ಬಸ್ಸು ಇಳಿದರೆ ಮುಗಿಯಿತು. ಆದರೆ ಆ ವರ್ಷ ನನ್ನ ಮಗಳಿಗೆ ಗೋಧಿ ಆಗುವುದಿಲ್ಲ ಎಂದು ಗೊತ್ತಾಯಿತು.

ಹುಡುಗಿ ಸಣಕಲಾಗುತ್ತ ಬಂದಿದ್ದಳು. ಹೊಟ್ಟೆನೋವು, ಭೇದಿ, ಶಾಲೆ ತಪ್ಪುವುದು. ಠಾಣೆಯ ಮಕ್ಕಳ ವೈದ್ಯರು ರಕ್ತ ನೋಡಿ, ಕರುಳಿನ ಚೂರು ತೆಗೆದು ನೋಡಿ, ಸೀಲಿಯಾಕ್ ಎಂದರು. ಗೋಧಿಯಲ್ಲಿರುವ ಗ್ಲುಟೆನ್ ಎಂಬ ಅಂಟು ಒಳಗೆ ಹೋದರೆ ಅವಳ ಕರುಳು ತನ್ನನ್ನೇ ಸುಟ್ಟುಕೊಳ್ಳುತ್ತದೆ. ಔಷಧವಿಲ್ಲ. ಜೀವನಪೂರ್ತಿ ಗೋಧಿ ಮುಟ್ಟದಿರುವುದೇ ಮದ್ದು, ಚೂರೂ ಕೂಡದು. ಮನೆಯಲ್ಲಿ ಅದರಿಂದ ದೊಡ್ಡ ತೊಂದರೆಯಾಗಲಿಲ್ಲ. ನಾವು ಕುಚ್ಚಲಕ್ಕಿಯ ಜನ. ನೀರುದೋಸೆ, ಸಾನ್ನ, ಗಂಜಿ. ಪಾವು, ಚಪಾತಿ ನಿಂತವು. ವಡಾಪಾವಿನ ಗಾಡಿ ಕಂಡರೆ ಅವಳು ಮುಖ ತಿರುಗಿಸುವುದನ್ನು ಕಲಿತಳು.

ಆದರೆ ಆ ವರ್ಷವೇ ಅವಳ ಮೊದಲ ಪರಮಪ್ರಸಾದ. ನಮ್ಮಲ್ಲಿ ಮಕ್ಕಳು ಬುದ್ಧಿ ಬಂದ ಮೇಲೆ ಮೊದಲ ಬಾರಿ ಬಲಿಪೂಜೆಯಲ್ಲಿ, ಅಂದರೆ ಇಗರ್ಜಿಯ ಮಾಸ್‌ನಲ್ಲಿ, ಪ್ರಸಾದ ಸ್ವೀಕರಿಸುವ ದಿನ ಅದು. ಬಿಳಿ ಫ್ರಾಕು, ತಲೆಗೆ ಹೂವು, ಕೈಯಲ್ಲಿ ಮೇಣದಬತ್ತಿ. ಆ ಪ್ರಸಾದ ತೆಳ್ಳಗಿನ ಒಂದು ಬಿಳಿ ಬಿಲ್ಲೆ, ಒಸ್ತಿ ಎನ್ನುತ್ತೇವೆ. ಇಗರ್ಜಿಯ ನಿಯಮದ ಪ್ರಕಾರ ಅದು ಗೋಧಿಯದ್ದೇ ಆಗಿರಬೇಕು. ಯೇಸು ಕೊನೆಯ ಊಟದಲ್ಲಿ ಕೈಗೆತ್ತಿಕೊಂಡದ್ದು ಗೋಧಿಯ ರೊಟ್ಟಿ, ಆದ್ದರಿಂದ. ಅಕ್ಕಿಯದ್ದನ್ನು ಎಷ್ಟು ಮಂತ್ರ ಹೇಳಿ ಎತ್ತಿ ಹಿಡಿದರೂ ಅದು ಅಕ್ಕಿಯ ಹಪ್ಪಳವೇ. ಮೂರು ಹೊತ್ತೂ ಅಕ್ಕಿ ತಿನ್ನುವ ಮನೆಯ ಹುಡುಗಿ ತಿನ್ನಲೇಬೇಕಾದ ಗೋಧಿ ಎಂದರೆ ಅದೊಂದೇ, ದೇವರು.

ಈ ಸುದ್ದಿ ಡಾಕ್ಟ್ರಿಗೆ ಹೇಳಿದ್ದು ನಾನೇ. ಹೇಳಬಾರದಿತ್ತು ಎನ್ನುವುದಿಲ್ಲ, ರಜೆಯ ಅರ್ಜಿ ಹೋಗುವುದು ಅವರ ಕೈಯಿಂದ, ಕಾರಣ ಹೇಳಲೇಬೇಕಿತ್ತು. ಅವರ ಕಣ್ಣು ಲಾಟರಿ ಹೊಡೆದವರ ಹಾಗೆ ಹೊಳೆಯಿತು.

"ಈಗ ಸಿಕ್ರಿ ನೋಡ್ರಿ ಮೇಡಂ! ಮಂತ್ರಾ ಹೇಳಿದ ಮ್ಯಾಲ ಅದು ಗೋಧಿ ಅಲ್ಲ, ಯೇಸುವಿನ ದೇಹ. ಮತ್ತ ದೇಹದಾಗ ಗ್ಲುಟೆನ್ ಎಲ್ಲಿಂದ ಬಂತ್ರಿ? ಒಂದು ಮಂತ್ರಿಸಿದ್ದು, ಒಂದು ಮಂತ್ರಿಸದ್ದು, ಎರಡೂ ತರ್ರಿ. ನಮ್ಮ ಕಿಟ್ ಹಾಕಿ ನೋಡೋಣು."

"ಕಿಟ್ ಯಾಕೆ ದಂಡ ಮಾಡುವುದು? ಎರಡಕ್ಕೂ ಒಂದೇ ರೀಡಿಂಗ್ ಬರ್ತದೆ. ಬೇಕಾದ್ರೆ ಈಗಲೇ ರಿಪೋರ್ಟಿಗೆ ಸಹಿ ಹಾಕಿ ಕೊಡ್ತೇನೆ. ಪಾದ್ರಿಗಳೂ ಹಾಕ್ತಾರೆ."

ಇಷ್ಟು ವರ್ಷ ಲೇವಡಿ ಮಾಡಿದವರಿಗೆ ನಾವು ನಂಬುವುದೇನು ಎಂಬುದೇ ಗೊತ್ತಿರಲಿಲ್ಲ. ನಮ್ಮ ನಂಬಿಕೆ ಇಷ್ಟು: ಬಣ್ಣ, ರುಚಿ, ತೂಕ, ಹಿಟ್ಟಿನ ಅಂಟು ಎಲ್ಲ ಇದ್ದ ಹಾಗೇ ಇರುತ್ತವೆ. ಅದು ಏನು ಎಂಬುದು ಬದಲಾಗುತ್ತದೆ. ಕೆಮಿಸ್ಟ್ರಿ ಬದಲಾಗುತ್ತದೆಂದು ಇಗರ್ಜಿ ಯಾವತ್ತೂ ಹೇಳಿಲ್ಲ. ನಂಬುವುದು ಬಿಡುವುದು ನಿಮ್ಮಿಷ್ಟ. ಆದರೆ ನಾವು ಆಡದ ಮಾತನ್ನು ನಮ್ಮ ಬಾಯಿಗೆ ತುರುಕಿ, ಅದನ್ನು ಸೋಲಿಸಿ ಎದೆಯುಬ್ಬಿಸುವುದಕ್ಕೆ ಪಿಎಚ್.ಡಿ. ಬೇಕೆ? ಗಲ್ಲಿಯ ಹುಡುಗರೂ ಮಾಡುತ್ತಾರೆ.

"ಅಂದ್ರ, ಸುಳ್ಳು ಅಂತ ಯಾರೂ ಸಾಬೀತು ಮಾಡಾಕ ಆಗದ ಮಾತು ಅದು. ಅಂಥಾ ಮಾತಿಗೆ ಬೆಲಿ ಇಲ್ರಿ" ಎಂದರು ಡಾಕ್ಟ್ರು.

"ನಿಮ್ಮ ಮದುವೆ ರಿಜಿಸ್ಟರ್ ಆದ ದಿನ ನಿಮ್ಮ ರಕ್ತ ತೆಗೆದು ನೋಡಿದ್ರೆ ಹಿಂದಿನ ದಿನದ್ದೇ ರೀಡಿಂಗ್ ಡಾಕ್ಟ್ರೇ. ಏನೂ ಬದಲಾಗ್ಲಿಲ್ಲ ಅಂತ ಮನೆಗೆ ಹೋಗಿ ಹೆಂಡತಿ ಹತ್ರ ಹೇಳಿ ನೋಡಿ."

ಇದು ಪುರಾವೆಯಲ್ಲ, ನನಗೂ ಗೊತ್ತು. ರಬಾಳೆ ಸ್ಟಾಪಿನವರೆಗೆ ಅವರ ಬಾಯಿ ಮುಚ್ಚಿಸಲು ಅಷ್ಟು ಸಾಕಿತ್ತು.

ಹೊರಗಿನವರ ಕತೆ ಇದಾಯಿತು. ಒಳಗಿನವರೇನು ಕಡಿಮೆಯಲ್ಲ. ನನ್ನ ಗಂಡನ ಅಕ್ಕ ಕಲ್ಯಾಣದಲ್ಲಿ ಇರುವವರು. ನಾನು ಅತ್ತಿಗೆ ಎನ್ನುತ್ತೇನೆ. ಜಪಮಾಲೆ ಕೈಯಿಂದ ಇಳಿದದ್ದನ್ನು ಕಂಡವರಿಲ್ಲ. ನನಗೆ ಶನಿವಾರವೂ ಕೆಲಸ, ಗಂಡನಿಗೆ ಹೋಟೆಲಿನಲ್ಲಿ ವಾರಾಂತ್ಯವೇ ಗದ್ದಲ. ಹಾಗಾಗಿ ಶನಿವಾರಗಳಂದು ಅತ್ತಿಗೆ ವರ್ತಕ ನಗರದ ನಮ್ಮ ಮನೆಗೆ ಬಂದು ಹುಡುಗಿಯನ್ನು ಧರ್ಮೋಪದೇಶದ ಕ್ಲಾಸಿಗೆ ಕರೆದುಕೊಂಡು ಹೋಗುತ್ತಿದ್ದರು. ಅವರಿಗೆ ಕಾಯಿಲೆಯ ವಿಷಯವನ್ನು ಕನ್ನಡದಲ್ಲಿ, ಕೊಂಕಣಿಯಲ್ಲಿ, ಕೈಸನ್ನೆಯಲ್ಲಿ ಹೇಳಿದ್ದೆ.

"ದೇವರ ಶರೀರ ಯಾರಿಗಾದ್ರೂ ಭೇದಿ ಮಾಡ್ತದಾ ಮಾರಾಯ್ತಿ? ನಂಬಿಕೆ ಬೇಕು. ನಿಂಗೆ ಕಾಲೇಜಿಗೆ ಹೋಗಿ ನಂಬಿಕೆ ತೆಳ್ಳಗಾಯ್ತು" ಎಂದು ಅವರ ಉತ್ತರ.

ಪರಮಪ್ರಸಾದದ ದಿನ ಹತ್ತಿರವಾದಾಗ ಮಕ್ಕಳಿಗೆ ಒಸ್ತಿ ಸ್ವೀಕರಿಸುವುದನ್ನು ಅಭ್ಯಾಸ ಮಾಡಿಸುತ್ತಾರೆ. ಇನ್ನೂ ಅಭಿಷೇಕವಾಗದ, ಅಂದರೆ ಪಾದ್ರಿಗಳು ಮಂತ್ರಿಸದ, ಬರಿಯ ಬಿಲ್ಲೆ ಕೊಟ್ಟು, ಕೈ ಹೀಗೆ ಚಾಚು, ಹೀಗೆ ಬಾಯಲ್ಲಿಡು, ಅಗಿಯಬೇಡ ಎಂದು ಕಲಿಸುವುದು. ಟೀಚರಿಗೆ ನಾನು ಮೊದಲೇ ಹೇಳಿದ್ದೆ, ನನ್ನ ಮಗಳು ಸುಮ್ಮನೆ ನಿಂತು ನೋಡಲಿ ಎಂದು. ಟೀಚರು ಹಾಗೇ ಮಾಡಿದರು. ಆದರೆ ಎಲ್ಲ ಮಕ್ಕಳೂ ಸಾಲಿನಲ್ಲಿ ಹೋಗುವಾಗ ನಮ್ಮ ಹುಡುಗಿ ಒಬ್ಬಳೇ ಬದಿಗೆ ನಿಂತದ್ದನ್ನು ಅತ್ತಿಗೆಗೆ ಸಹಿಸಲಾಗಲಿಲ್ಲ. ಅಭ್ಯಾಸ ಮುಗಿದ ಮೇಲೆ ಉಳಿದ ಬಿಲ್ಲೆಗಳಲ್ಲಿ ಒಂದನ್ನು ಕೇಳಿ ತೆಗೆದುಕೊಂಡು, ಅದಕ್ಕೆ ತಮ್ಮ ಪರ್ಸಿನ ಸೀಸೆಯಿಂದ ಪವಿತ್ರ ಜಲ ಚಿಮುಕಿಸಿ, ಹುಡುಗಿಯನ್ನು ಮೂಲೆಯಲ್ಲಿ ನಿಲ್ಲಿಸಿ ಬಾಯಿಗೆ ಹಾಕಿದರು. ಸಾಲದೆಂದು ಇನ್ನೊಂದು.

ಹುಡುಗಿ ನಾಲ್ಕು ದಿನ ಹಾಸಿಗೆ ಬಿಟ್ಟೇಳಲಿಲ್ಲ. ನೀರು ಕುಡಿದರೆ ನೀರು ಹೊರಗೆ. ನಾನು ಕೆಲಸಕ್ಕೆ ಹೋಗದೆ ಬಟ್ಟೆ ಒಗೆಯುತ್ತ ಕೂತೆ. ಅತ್ತಿಗೆ ಅಳುತ್ತ ಬಂದರು. ಅತ್ತು ಮುಗಿದ ಮೇಲೆ ಹೇಳಿದ ಮಾತು ಇದು:

"ಅದು ಮಂತ್ರಿಸದ್ದಲ್ವಾ, ಅದಕ್ಕೇ ಹೀಗಾಯ್ತು. ಮಂತ್ರಿಸಿದ್ದು ಕೊಟ್ರೆ ಏನೂ ಆಗುದಿಲ್ಲ. ನೀನೇ ನೋಡು."

ನಾನು ಬಕೆಟ್ಟು ಕೆಳಗಿಟ್ಟು ಅವರನ್ನೇ ನೋಡಿದೆ. ಧಾರವಾಡದ ಪಿಎಚ್.ಡಿ. ಮತ್ತು ಕಲ್ಯಾಣದ ಜಪಮಾಲೆ, ಇಬ್ಬರ ದೇವಶಾಸ್ತ್ರವೂ ಒಂದೇ! ಅಭಿಷೇಕವಾದ ಮೇಲೆ ಗೋಧಿಯ ಅಂಟು ಮಾಯವಾಗಬೇಕು. ಮಾಯವಾಗದಿದ್ದರೆ ದೇವರಿಲ್ಲ ಎನ್ನುತ್ತಾರೆ ಅವರು. ಮಾಯವಾಗಿಯೇ ಆಗುತ್ತದೆ, ತಿನ್ನಿಸಿ ನೋಡು ಎನ್ನುತ್ತಾರೆ ಇವರು. ಒಬ್ಬರು ಇಗರ್ಜಿಯ ಪಾಠ ಓದದೆ ನಗುವವರು, ಇನ್ನೊಬ್ಬರು ಓದದೆ ಮೊಣಕಾಲೂರುವವರು. ನಡುವೆ ನನ್ನ ಮಗಳ ಕರುಳು.

"ಅತ್ತಿಗೆ, ದ್ರಾಕ್ಷಾರಸ ಅಭಿಷೇಕ ಆದ ಮೇಲೆಯೂ ಪಾದ್ರಿಗಳಿಗೆ ಜಾಸ್ತಿ ಕುಡಿದ್ರೆ ಅಮಲೇರ್ತದೆ. ಗೊತ್ತುಂಟಾ?"

"ಛೀ, ಎಂಥ ಮಾತು ಬಾಯಲ್ಲಿ!"

"ಸತ್ಯ ಮಾತು. ಇನ್ನು ನನ್ನ ಮಗಳ ಬಾಯಿಗೆ ನೀವು ನೀರನ್ನೂ ಹಾಕಬಾರದು."

ಗಂಡ, "ಅಕ್ಕನಿಗೆ ಹಾಗೆಲ್ಲ ಹೇಳ್ಬೇಡ, ಪ್ರೀತಿಯಿಂದ ಮಾಡಿದ್ದು" ಎಂದರು. ಪ್ರೀತಿಯಿಂದ ವಿಷ ಹಾಕಿದವರಿಗೆ ಇಪ್ಪತ್ತು ಪೈಸೆಯ ರಿಯಾಯಿತಿಯನ್ನೂ ಕೊಡುವ ಅಭ್ಯಾಸ ನನಗಿಲ್ಲ.

ಆ ವಾರದ ಕೊನೆಗೆ ಹುಡುಗಿ ಗಂಜಿ ಕುಡಿಯುತ್ತ, ತಟ್ಟೆಯಿಂದ ತಲೆ ಎತ್ತದೆ ಕೇಳಿದಳು. ನಾನು ಕನ್ನಡದಲ್ಲಿ ಮಾತಾಡಿದರೆ ಅವಳ ಉತ್ತರ ಹಿಂದಿಯಲ್ಲಿ. ಇಲ್ಲಿ ಹುಟ್ಟಿದ ಮಕ್ಕಳೆಲ್ಲ ಹಾಗೇ.

"ಮಮ್ಮಾ, ಮುಝೇ ಜೀಸಸ್ ಸೇ ಅಲರ್ಜಿ ಹೈ ಕ್ಯಾ?"

ಯೇಸುವೇ ತನಗೆ ಆಗುವುದಿಲ್ಲವೇ ಎಂದು. ನಾಸ್ತಿಕರ ಯಾವ ಪ್ರಶ್ನೆಗೂ ನಾನು ಮಾಡುವ ಕೆಲಸ ಬಿಟ್ಟು ಕೂತಿರಲಿಲ್ಲ, ಇದಕ್ಕೆ ಕೂತೆ. "ಇಲ್ಲ ಪುತ್ತ, ಗೋಧಿ ಮಾತ್ರ" ಎಂದೆ. ಅವಳು ನಂಬಿದ ಹಾಗೆ ಕಾಣಲಿಲ್ಲ. ಅವಳಿಗೆ ಅವಳ ಪ್ರಸಾದ ಸಿಗಬೇಕು, ಸತ್ಯವಾದದ್ದೇ ಸಿಗಬೇಕು, ಮತ್ತು ಅದರಿಂದ ಅವಳಿಗೆ ಏನೂ ಆಗಬಾರದು. ಮೂರರಲ್ಲಿ ಒಂದನ್ನು ಬಿಟ್ಟುಕೊಟ್ಟು ರಾಜಿ ಮಾಡುವವರು ಊರು ತುಂಬ ಇದ್ದರು.

ನಾನು ಕೆಲಸಕ್ಕೆ ಮರಳಿದ ದಿನ ಬಸ್ಸಿನಲ್ಲಿ ಡಾಕ್ಟ್ರು ನಗಲಿಲ್ಲ. ಹುಡುಗಿ ಹೇಗಿದ್ದಾಳೆಂದು ಕೇಳಿದರು, ಓಆರ್‌ಎಸ್ ಬಗ್ಗೆ ಎರಡು ಮಾತು ಹೇಳಿದರು. ಕರುಣೆ ಇಲ್ಲದ ಮನುಷ್ಯನಲ್ಲ. ಆಮೇಲೆ ದನಿ ತಗ್ಗಿಸಿ ಪರಿಹಾರವನ್ನೂ ಕೊಟ್ಟರು.

"ಅಕ್ಕೀದು ಒಂದು ಮಾಡಿಸ್ರಿ ಮೇಡಂ. ನೋಡಾಕ ಹಂಗೇ ಇರ್ತದ. ಪಾದ್ರಿಗೆ ಹೇಳ್ರಿ, ಬ್ಯಾಡಾದ್ರ ಹೇಳಬ್ಯಾಡ್ರಿ. ಹುಡುಗಿಗೇನ್ ಗೊತ್ತಾಗ್ತದ? ಆಕಿಗೂ ಸಮಾಧಾನ, ಹೊಟ್ಟಿಗೂ ಆರಾಮ."

"ಸುಳ್ಳು ಹೇಳ್ಬೇಕಾ?"

"ಇದೇನ್ ದೊಡ್ಡ ಸುಳ್ಳು ಬಿಡ್ರಿ. ಹೆಂಗೂ ಎಲ್ಲಾ ನಂಬಿಕಿ ಮಾತಲ್ಲ."

"ಡಾಕ್ಟ್ರೇ, ಇಷ್ಟು ವರ್ಷ ಸತ್ಯ ಸತ್ಯ ಅಂತ ನನ್ನ ಕಿವಿ ತೂತು ಮಾಡಿದ್ದು ನೀವು. ಈಗ ಮಗುವಿಗೆ ಅಕ್ಕಿಯ ಹಪ್ಪಳ ಕೊಟ್ಟು ದೇವರು ಅಂತ ಹೇಳು ಅಂತೀರಿ. ಬಿಸ್ಕತ್ ಕಂಪನಿಯವರು ಹೀಗೆ ಲೇಬಲ್ ಹಾಕಿದ್ರೆ ನೀವು ಸ್ಯಾಂಪಲ್ ಫೇಲ್ ಮಾಡ್ತೀರಲ್ಲ?"

ಡಾಕ್ಟ್ರ ಸತ್ಯದ ಬೆಲೆ ನನಗೆ ಅಂದೇ ಗೊತ್ತಾದದ್ದು. ದೇವರಿಲ್ಲ ಎನ್ನಲು ಅದು ಬೇಕು. ದೇವರನ್ನು ನಂಬುವ ಮಗುವಿಗೆ ಅದನ್ನು ಕೊಡಬೇಕಾಗಿಲ್ಲ, ಆ ಮಗುವಿಗೆ ಆಟಿಕೆ ಸಾಕು. ಇದಕ್ಕೆ ಅವರು ಕರುಣೆ ಎಂದು ಹೆಸರಿಟ್ಟಿದ್ದರು. ನನ್ನ ಅಮ್ಮನನ್ನು ಆಸ್ಪತ್ರೆಯ ದೊಡ್ಡವರು ನೋಡುತ್ತಿದ್ದದ್ದೂ ಇದೇ ಕರುಣೆಯ ಕಣ್ಣಿನಿಂದ. ಓದದವಳು, ಏನೋ ಒಂದು ಹೇಳಿ ಕಳಿಸಿ.

ನಾನು ಕೂತು ನಿಯಮ ಓದಿದೆ. ಇಂಗ್ಲಿಷಿನಲ್ಲಿತ್ತು, ಓದಲು ನನಗೆ ಈಗ ಬರುತ್ತದೆ. ಗೋಧಿ ಆಗದವರಿಗೆ ಇಗರ್ಜಿ ದಾರಿ ಇಟ್ಟಿತ್ತು: ಒಸ್ತಿ ಮುಟ್ಟದೆ ದ್ರಾಕ್ಷಾರಸ ಮಾತ್ರ ಸ್ವೀಕರಿಸಬಹುದು. ರೊಟ್ಟಿಯೊಂದರಲ್ಲೂ ಪೂರ್ಣ ಯೇಸು, ರಸವೊಂದರಲ್ಲೂ ಪೂರ್ಣ ಯೇಸು. ಅಂಟು ಮಾಯವಾಗುತ್ತದೆಂದು ಇಗರ್ಜಿ ನಂಬಿದ್ದರೆ ಈ ನಿಯಮವೇ ಬೇಕಾಗಿರಲಿಲ್ಲ.

ನಮ್ಮ ಪಾದ್ರಿಗಳು ಎಳೆ ವಯಸ್ಸಿನವರು. ಅವರ ಮೇಜಿನ ಮೇಲೆ ಇಗರ್ಜಿಯ ಹೊಸ ಕಟ್ಟಡದ ನಕ್ಷೆ, ಮನಸ್ಸೂ ಅದರ ಮೇಲೆಯೇ. "ಹುಡುಗಿ ಸಾಲಿನಲ್ಲಿ ಬರಲಿ, ನಾನು ತಲೆ ಮೇಲೆ ಕೈಯಿಟ್ಟು ಆಶೀರ್ವಾದ ಮಾಡ್ತೇನೆ. ಫೋಟೋದಲ್ಲಿ ಎಲ್ಲ ಒಂದೇ ಥರ ಕಾಣ್ತದೆ" ಎಂದರು ಕೊಂಕಣಿಯಲ್ಲಿ.

"ಫಾದರ್, ಫೋಟೋಗೆ ಮೊದಲ ಪರಮಪ್ರಸಾದ ಅಲ್ಲ, ನನ್ನ ಮಗಳಿಗೆ" ಎಂದು ನಿಯಮದ ಪುಟ ಮುಂದಿಟ್ಟೆ.

ಅವರು ಓದಿದರು. ಓದಿ ತಲೆ ಕೆರೆದುಕೊಂಡರು. ಪೂಜೆಯಲ್ಲಿ ತಾವು ರಸ ಕುಡಿಯುವ ಬಲಿಪಾತ್ರೆಯಿಂದಲೇ ಒಂದು ಗುಟುಕು ಕೊಟ್ಟರಾಯಿತಲ್ಲ ಎಂದರು. ಅದಕ್ಕೂ ನಾನು ಒಪ್ಪಲಿಲ್ಲ. ಪೂಜೆಯಲ್ಲಿ ಪಾದ್ರಿಗಳು ಒಸ್ತಿಯನ್ನು ಮುರಿದು ಅದರ ಒಂದು ಚೂರನ್ನು ಆ ಪಾತ್ರೆಯೊಳಗೇ ಹಾಕುತ್ತಾರೆ. ದಿನಾ ಹಾಕುವವರಿಗೇ ಅದು ಹೊಳೆದಿರಲಿಲ್ಲ. ಲ್ಯಾಬಿನಲ್ಲಿ ಒಂದು ಸ್ಯಾಂಪಲ್ಲಿನ ಪುಡಿ ಇನ್ನೊಂದಕ್ಕೆ ತಾಗದ ಹಾಗೆ ನಾವು ಕೆಲಸ ಮಾಡುವ ರೀತಿಯನ್ನೇ ಹೇಳಿದೆ. ಬೇರೆ ಸಣ್ಣ ಪಾತ್ರೆ, ಅದನ್ನು ಒರೆಸಲು ಹೊಸ ಬಟ್ಟೆ, ಮೊದಲಿನಿಂದ ಕೊನೆಯವರೆಗೆ ಮುಚ್ಚಳ. ಒಸ್ತಿ ಮುಟ್ಟಿದ ಬೆರಳು ಅದಕ್ಕೆ ತಾಗಬಾರದು. ಮುಚ್ಚಳ ತೆಗೆದು ಹುಡುಗಿಯೇ ಎತ್ತಿ ಕುಡಿಯಲಿ.

"ನೀವು ಲ್ಯಾಬಿನವರಾ?" ಎಂದು ಕೇಳಿದರು.

"ಗ್ರಾಜುಯೇಟು" ಎಂದೆ.

ಮೊದಲ ಪರಮಪ್ರಸಾದದ ಭಾನುವಾರ ಹುಡುಗಿ ಸಾಲಿನ ನಡುವೆಯೇ ಹೋದಳು. ನಾನು ಎರಡನೆಯ ಬೆಂಚಿನಲ್ಲಿ ಕೂತು ಪಾದ್ರಿಗಳ ಬೆರಳುಗಳನ್ನೇ ನೋಡುತ್ತಿದ್ದೆ. ಪ್ರಾರ್ಥನೆ ಮಾಡಿದೆ ಎಂದರೆ ಸುಳ್ಳಾಗುತ್ತದೆ. ಅವಳ ಸರದಿ ಬಂದಾಗ ಪಾದ್ರಿಗಳು ಸಣ್ಣ ಪಾತ್ರೆಯನ್ನು ತೋರಿಸಿ, "ಕ್ರಿಸ್ತರ ರಕ್ತ" ಎಂದರು. ಅವಳು ಮುಚ್ಚಳ ತೆಗೆದು ಎರಡೂ ಕೈಯಲ್ಲಿ ಎತ್ತಿ, ಹಿಂದಿನ ಮಕ್ಕಳೆಲ್ಲ ಕಾಯುತ್ತಿರುವಾಗ, ನಿಧಾನವಾಗಿ ಕುಡಿದಳು. ಮುಖ ಹುಳಿ ಹುಳಿ ಮಾಡಿದಳು. ತಿರುಗಿ ಬರುವಾಗ ನನ್ನ ಕಡೆ ನೋಡಲಿಲ್ಲ. ನೋಡಬೇಕಾಗಿಯೂ ಇರಲಿಲ್ಲ.

ಸಂಜೆ ನಮ್ಮ ವಸತಿ ಸೊಸೈಟಿಯ ಸಭಾಂಗಣದಲ್ಲಿ ಊಟ. ಡಾಕ್ಟ್ರು ಹೆಂಡತಿಯ ಜೊತೆ ಬಂದಿದ್ದರು, ಸಾನ್ನ ಚೆನ್ನಾಗಿದೆ ಎಂದು ಮತ್ತೆ ಮತ್ತೆ ಹಾಕಿಸಿಕೊಂಡರು. ಅತ್ತಿಗೆ ತಟ್ಟೆ ಹಿಡಿದು ಅದೇ ಮೇಜಿನಲ್ಲಿ ಕೂತಿದ್ದರು. ನಾನು ಸಾರು ಬಡಿಸಲು ಹೋದಾಗ ಅತ್ತಿಗೆ ಪಿಸುಗುಟ್ಟಿದರು.

"ಅಲ್ಲ ಮಾರಾಯ್ತಿ, ಬರೀ ರಕ್ತ ಸಿಕ್ಕಿತು, ಶರೀರ ಸಿಗ್ಲಿಲ್ಲ. ಹುಡುಗಿಗೆ ಅರ್ಧವೇ ಯೇಸು ಆಯ್ತಲ್ಲ?"

ಡಾಕ್ಟ್ರು ತಟ್ಟೆಯಿಂದ ತಲೆ ಎತ್ತಿದರು. "ಅಲ್ರೀ, ಬಾಯೋರು ಕರೆಕ್ಟ್ ಪಾಯಿಂಟ್ ಹಿಡಿದ್ರು ನೋಡ್ರಿ!"

ಅತ್ತಿಗೆಗೆ ಖುಷಿಯಾಯಿತು. ಇವರು ಯಾರು, ಎಷ್ಟು ತಿಳಿದವರು ಎಂದು ನನ್ನನ್ನೇ ಕೇಳಿದರು. ಇಬ್ಬರಿಗೂ ಒಂದೊಂದು ಸೌಟು ಸಾರು ಹಾಕಿ ಮುಂದಿನ ಮೇಜಿಗೆ ಹೋದೆ. ಕೆಲವರಿಗೆ ಉತ್ತರಕ್ಕಿಂತ ಊಟ ಬಡಿಸುವುದು ಸುಲಭ.

ಮರುದಿನ ಹುಡುಗಿ ಶಾಲೆಗೆ ಹೋದಳು. ಹೊಟ್ಟೆಗೆ ಏನೂ ಆಗಲಿಲ್ಲ.

ಆದರೆ ಮೊದಲ ಪರಮಪ್ರಸಾದ ಎಂದರೆ ಮೊದಲನೆಯದು. ಆಮೇಲೆ ಪ್ರತಿ ಭಾನುವಾರ ಉಂಟು. ಫೋಟೋದವರು ಹೋದ ಮೇಲೆ ಇದು ಯಾರಿಗೂ ನೆನಪಿರುವುದಿಲ್ಲ ಎಂದು ಅನುಮಾನವಿತ್ತು, ಹಾಗೇ ಆಯಿತು. ಮುಂದಿನ ಭಾನುವಾರ ಪೂಜೆಗೆ ಮೊದಲು ಹೋಗಿ ನೋಡಿದರೆ ಪೀಠದ ಮೇಲೆ ದೊಡ್ಡ ಪಾತ್ರೆ ಒಂದೇ. ನಾನು ಪಾದ್ರಿಗಳು ಉಡುಪು ಧರಿಸುವ ಕೋಣೆಯ ಬಾಗಿಲಿಗೆ ಹೋಗಿ ನಿಂತೆ. ಇವತ್ತು ಆಶೀರ್ವಾದ ತಗೊಳ್ಳಲಿ, ಮುಂದಿನ ವಾರ ನೋಡೋಣ ಎಂದರು. ನಾನು ಅಲ್ಲಾಡಲಿಲ್ಲ. ಅವರು ಕೀಲಿಕೈ ಹುಡುಕಿ, ಕಪಾಟು ತೆರೆದು, ಸಣ್ಣ ಪಾತ್ರೆ ತೆಗೆದು, ತೊಳೆದು, ರಸ ಹಾಕಿ, ಮುಚ್ಚಳ ಮುಚ್ಚುವವರೆಗೆ ಬಾಗಿಲಲ್ಲೇ ಇದ್ದೆ. ಪೂಜೆ ತಡವಾಯಿತು. ಗಾಯಕರು ಅದೇ ಹಾಡನ್ನು ಮೊದಲಿನಿಂದ ಎಳೆದರು. ನಾನು ಹೊರಗೆ ಬಂದು ಮಗಳ ಪಕ್ಕ ಕೂತಾಗ ಇಡೀ ಇಗರ್ಜಿ ಗಡಿಯಾರ ನೋಡಿ, ಆಮೇಲೆ ನನ್ನನ್ನು ನೋಡುತ್ತಿತ್ತು.

ನೋಡಲಿ.